ನಾಲ್ಕು ಕಂಠ, ಐದನೆಯ ದನಿ

ಬಾರ್ಬರ್‌ಶಾಪ್ ಗಾಯನದಲ್ಲಿ ಎಲ್ಲರಿಗಿಂತ ಕಷ್ಟ ಬ್ಯಾರಿಟೋನ್ ಹಾಡುವಾಕೆಗೆ. ಹಾಡಿನ ಮಟ್ಟು ಲೀಡ್ ಪಾಲಿಗೆ. ಟೆನರ್ ಅದರ ಮೇಲೆ ಹಗುರಾಗಿ ತೇಲುತ್ತಾಳೆ, ಬೇಸ್ ಕೆಳಗೆ ನಿಂತು ಭಾರ ಹೊರುತ್ತಾಳೆ. ಮಿಕ್ಕ ಸ್ವರ ಯಾವುದೋ ಅದು ಬ್ಯಾರಿಟೋನ್‌ಗೆ. ಒಮ್ಮೆ ಲೀಡ್‌ಗಿಂತ ಮೇಲೆ, ಮರುಕ್ಷಣವೇ ಕೆಳಗೆ. ಆಕೆಯ ಪಾಲನ್ನಷ್ಟೇ ಬಿಡಿಸಿ ಕೇಳಿದರೆ ಯಾವ ಹಾಡೆಂದು ತಿಳಿಯುವುದೂ ಕಷ್ಟ. ಆಕೆ ಸುಮ್ಮನಾದರೆ ಮಾತ್ರ ಇಡೀ ಹಾಡು ಬೋಳು.

ಪಕ್ಕವಾದ್ಯವೇ ಇಲ್ಲದೆ ನಾಲ್ಕು ಪಾಲಾಗಿ ಹಾಡುವ ಈ ಅಮೆರಿಕದ ಪದ್ಧತಿಯ ಬೇರು 19ನೇ ಶತಮಾನದ ಕೊನೆಯ ಕಪ್ಪು ವರ್ಣೀಯರ ಕ್ಷೌರದಂಗಡಿ, ಬೀದಿಮೂಲೆಗಳಲ್ಲಿದೆ. ಅದನ್ನು ಉಳಿಸುತ್ತೇವೆಂದು 1938ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಸಂಘ ಕಟ್ಟಿದವರು ಬಿಳಿಯ ಗಂಡಸರು. 1945ರ ಜುಲೈನಲ್ಲಿ ಅದೇ ಊರಿನ ಎಡ್ನಾ ಮೇ ಆಂಡರ್ಸನ್ ಹಾಡುವ ಆಸೆಯಿದ್ದ ಹೆಂಗಸರನ್ನು ಕೂಡಿಸಿ 'ಸ್ವೀಟ್ ಅಡೆಲೈನ್ಸ್' ಶುರುಮಾಡಿದರು. ಗಂಡಸರ ಸಂಘ ಮಹಿಳೆಯರಿಗೆ ಪೂರ್ಣ ಸದಸ್ಯತ್ವ ಕೊಟ್ಟಿದ್ದು 2018ರಲ್ಲಿ. ಅಷ್ಟರವರೆಗೆ ಕಾಯುತ್ತ ಕೂತವರು ಯಾರು!

ಈ ಗಾಯನದ ಜೀವ 'ರಿಂಗ್'. ನಾಲ್ಕು ಕಂಠ ಸರಿಯಾಗಿ ಕೂಡಿದಾಗ ಯಾರೂ ಹಾಡದ ಐದನೆಯ ದನಿಯೊಂದು ಮೇಲೆ ಮೊಳಗುತ್ತದೆ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದೇ ನಾದಧರ್ಮ. ಇವರ ಮೆಚ್ಚಿನ ಸ್ವರಗುಚ್ಛ ಡಾಮಿನೆಂಟ್ ಸೆವೆಂತ್. ಅದರ ನಾಲ್ಕು ಸ್ವರಗಳ ಕಂಪನಗಳು 4:5:6:7ರ ಪ್ರಮಾಣದಲ್ಲಿ ನಿಂತರೆ ರಿಂಗ್ ಹುಟ್ಟುತ್ತದೆ. ಪಿಯಾನೊ ನುಡಿಸಿದರೆ ಇದು ಸಿಗದು. ನಮ್ಮ ಕೈಶಿಕಿ ನಿಷಾದದ ಜಾಗದಲ್ಲಿರುವ ಅದರ ಸ್ವರ, ಬೇಕಾದದ್ದಕ್ಕಿಂತ ಸುಮಾರು 31 ಸೆಂಟ್ ಏರಿರುತ್ತದೆ. ಅಂದರೆ ಅಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಹಾಗಾಗಿ ದುಂಡನೆಯ ಪಿಚ್ ಪೈಪ್ ಒಂದು ಸ್ವರ ಊದಿ ಸುಮ್ಮನಾದ ಮೇಲೆ ಎಲ್ಲವೂ ಕಿವಿಯ ಮೇಲೆಯೇ.

ಸ್ವರ ಕೂಡಿದರಷ್ಟೇ ಸಾಲದು. ಒಬ್ಬಾಕೆ ಬಾಯಗಲಿಸಿ 'ಆ' ಎಂದು, ಪಕ್ಕದಾಕೆ ತುಟಿ ದುಂಡಾಗಿಸಿ 'ಆ' ಎಂದರೂ ರಿಂಗ್ ಮಾಯ. ತಾಲೀಮಿನಲ್ಲಿ ಒಂದೇ ಪದವನ್ನು ಹಿಡಿದು, ಎಲ್ಲರ ಬಾಯೂ ಒಂದೇ ಆಕಾರಕ್ಕೆ ಬರುವವರೆಗೆ ನಿರ್ದೇಶಕಿ ಬಿಡುವುದಿಲ್ಲ. ಕೇಳುವವರಿಗೆ ಬೇಸರ ತರಿಸುವ ಕೆಲಸವೇ. ಅದು ದಕ್ಕಿದಾಗ ಮೆಟ್ಟಿಲುವೇದಿಕೆಯ ಮೇಲೆ ನಿಂತವರ ಮುಖ ನೋಡಬೇಕು!

ಊರ ವೃಂದಗಳು ಸಾಮಾನ್ಯವಾಗಿ ವಾರಕ್ಕೊಂದು ಸಂಜೆ ಚರ್ಚಿನ ಹಾಲಿನಲ್ಲೋ ಶಾಲೆಯಲ್ಲೋ ಸೇರುತ್ತವೆ. ಕೆಲಸ ಮುಗಿಸಿ ಬಂದವರು, ನಿವೃತ್ತರು, ಕಾಲೇಜು ಹುಡುಗಿಯರು ಒಟ್ಟಿಗೆ ನಿಲ್ಲುತ್ತಾರೆ. ಸ್ವರಲಿಪಿ ಬಾರದಿದ್ದರೂ ನಡೆಯುತ್ತದೆ: ಒಂದು ಕಿವಿಗೆ ತಮ್ಮ ಪಾಲು, ಇನ್ನೊಂದಕ್ಕೆ ಉಳಿದ ಮೂರು ಬರುವಂತೆ ಮಾಡಿದ ಧ್ವನಿಮುದ್ರಣವನ್ನು ಕಾರಿನಲ್ಲಿ, ಅಡುಗೆಮನೆಯಲ್ಲಿ ಕೇಳಿ ಕಲಿಯುತ್ತಾರೆ. ದೊಡ್ಡ ಸ್ಪರ್ಧೆಗೆ ಹೊರಟರೆ ಹೊಳೆಯುವ ಉಡುಪು, ಗಾಢ ಮೇಕಪ್, ಕೈಕಾಲಿನ ಚಲನೆ ಎಲ್ಲ ಉಂಟು. ನನಗದು ಕೊಂಚ ಅತಿಯೆನಿಸುತ್ತದೆ. ಗೆದ್ದ ಕ್ವಾರ್ಟೆಟ್‌ಗೆ ನಿಜವಾಗಿಯೂ ಕಿರೀಟ ತೊಡಿಸುತ್ತಾರೆ. ಸ್ವೀಡನ್ನಿನ ರೋನಿಂಗೆ ವೃಂದವೂ ಅಂತರರಾಷ್ಟ್ರೀಯ ಪ್ರಶಸ್ತಿ ಗೆದ್ದಿದೆ. ಪದ್ಧತಿ ಅಷ್ಟು ದೂರ ಹೋಗಿದೆ.

ಇಷ್ಟು ಹೊಂದಿಕೆ ಬೇಡುವ ಈ ಗಾಯನದಲ್ಲಿ ಒಡಕೂ ಆಗಿದೆ. 1950ರ ದಶಕದ ಕೊನೆಗೆ ಸ್ವೀಟ್ ಅಡೆಲೈನ್ಸ್ ಬಿಳಿಯ ಹೆಂಗಸರಿಗಷ್ಟೇ ಸದಸ್ಯತ್ವವೆಂದು ನಿಯಮ ಮಾಡಿತು. ಯಾರ ಬೀದಿಯಲ್ಲಿ ಹುಟ್ಟಿದ ಹಾಡೋ ಅವರಿಗೇ ಬಾಗಿಲು ಮುಚ್ಚಿದ ಹಾಗಾಯಿತು. ಒಪ್ಪದ ನ್ಯೂ ಇಂಗ್ಲೆಂಡಿನ ಕೆಲವು ವೃಂದಗಳು ಹೊರಬಂದು 1959ರಲ್ಲಿ 'ಹಾರ್ಮನಿ ಇನ್‌ಕಾರ್ಪೊರೇಟೆಡ್' ಕಟ್ಟಿಕೊಂಡವು. ಕಪ್ಪು ವರ್ಣದ ಗಾಯಕಿಯೊಬ್ಬರನ್ನು ಸೇರಿಸಿಕೊಂಡ ಕೆನಡಾದ ಒರಿಲಿಯಾದ ವೃಂದವೂ 1963ರಲ್ಲಿ ಅತ್ತ ಹೋಯಿತು. ಆ ನಿಯಮ 1966ರಲ್ಲಿ ರದ್ದಾಯಿತು. ಎರಡೂ ಸಂಘಗಳು ಇವತ್ತಿಗೂ ಬೇರೆಬೇರೆಯಾಗಿಯೇ ಇವೆ, ಸ್ಪರ್ಧೆಗಳನ್ನೂ ಬೇರೆಬೇರೆಯಾಗಿಯೇ ನಡೆಸುತ್ತವೆ.