ಪೆರಿಯಕುಳಂನ ಬೀಜ, ಸೆನೆಗಲ್‌ನ ಪುಡಿ

ಬೋಡಿಮೆಟ್ಟು ಎರಡು ಹವೆಗಳ ನಡುವಿನ ಗಡಿ. ಬೆನ್ನಿಗೆ ಕೇರಳದ ಇಡುಕ್ಕಿಯ ಏಲಕ್ಕಿ ಮಲೆ, ಅಲ್ಲಿ ಮೋಡ, ಮಂಜು, ಬಿಡದ ಮಳೆ. ಎದುರಿಗೆ ಹದಿನೇಳು ತಿರುವುಗಳ ಘಾಟಿ ಇಳಿದರೆ ತಮಿಳುನಾಡಿನ ಬೋಡಿನಾಯಕನೂರು, ಅದರಾಚೆ ತೇನಿ, ಪೆರಿಯಕುಳಂ, ಆಂಡಿಪಟ್ಟಿ. ನೈಋತ್ಯ ಮುಂಗಾರು ತನ್ನ ನೀರನ್ನೆಲ್ಲ ಮಲೆಯ ಆ ಮಗ್ಗುಲಿಗೆ ಸುರಿದು ಬರಿಗೈಯಲ್ಲಿ ಈ ಕಡೆ ಇಳಿಯುತ್ತದೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದು, ಸುರಂಗದ ಮೂಲಕ ನೀರು ಪೂರ್ವಕ್ಕೆ ತಿರುಗಿದ ಮೇಲೆ ಕಂಬಂ ಕಣಿವೆಯಲ್ಲಿ ಭತ್ತ, ಬಾಳೆ, ದ್ರಾಕ್ಷಿ ಬಂದವು. ಆ ನೀರು ಮುಟ್ಟದ ಒಣನೆಲದಲ್ಲಿ ನಿಂತದ್ದು ನುಗ್ಗೆ.

ಈ ಸೀಮೆ ಕನ್ನಡಿಗರಿಗೆ ಪೂರಾ ಹೊರಗಿನದೇನಲ್ಲ. ಕಂಬಂ, ಬೋಡಿ ಸುತ್ತಲಿನ ಕಪ್ಪಿಲಿಯರ್ ಒಕ್ಕಲಿಗರ ಮನೆಮಾತು ಕನ್ನಡವೇ. ತಲೆಮಾರುಗಳ ಹಿಂದೆ ವಲಸೆ ಹೋದವರ ಆ ಕನ್ನಡದಲ್ಲಿ ತಮಿಳು ಸಾಕಷ್ಟು ಬೆರೆತಿದೆ, ಆದರೂ ಉಳಿದಿದೆ.

ಮಲೆಯ ಮೇಲಿನ ಏಲಕ್ಕಿಗೆ ದೊಡ್ಡ ಬಳಗವಿದೆ. ಅದಕ್ಕೆ ಸ್ಪೈಸಸ್ ಬೋರ್ಡ್ ಇದೆ, ಇಡುಕ್ಕಿಯ ಮೈಲಾಡುಂಪಾರದಲ್ಲಿ ಅದರದೇ ಸಂಶೋಧನಾ ಸಂಸ್ಥೆ ಇದೆ, ಬೋಡಿನಾಯಕನೂರಿನಲ್ಲಿ ಇ-ಹರಾಜು ಕೇಂದ್ರವಿದೆ. ಇಂದು ಕಿಲೋಗೆ ಏನು ಬೆಲೆ ಎಂಬುದು ಬೆಳೆಗಾರನಿಗೂ ವ್ಯಾಪಾರಿಗೂ ಒಂದೇ ಹೊತ್ತಿಗೆ ತಿಳಿಯುತ್ತದೆ. ಕೆಳಗಿನ ನುಗ್ಗೆಗೆ ಇದಾವುದೂ ಇರಲಿಲ್ಲ. ಇದ್ದದ್ದು ಹಿತ್ತಿಲು, ಬೇಲಿ, ವೀಳ್ಯದೆಲೆ ತೋಟದಲ್ಲಿ ಬಳ್ಳಿಗೆ ಆಸರೆಯಾಗಿ ನಿಲ್ಲುವ ಕೆಲಸ. ಆದರೂ ಇಂದು ನ್ಯೂಯಾರ್ಕಿನಿಂದ ಟೋಕಿಯೊವರೆಗೆ ಆರೋಗ್ಯ ಆಹಾರದ ಅಂಗಡಿಗಳಲ್ಲಿ ಹಸಿರು ಪುಡಿಯಾಗಿ, ಮಾತ್ರೆಯಾಗಿ, ಚಹಾ ಪೊಟ್ಟಣವಾಗಿ ಕೂತಿರುವುದು ಈ ನುಗ್ಗೆಯೇ. ಅದು ಅಲ್ಲಿಗೆ ಹೋದ ದಾರಿ ತೇನಿ ಜಿಲ್ಲೆಯ ಪೆರಿಯಕುಳಂನಿಂದ ಶುರುವಾಗುತ್ತದೆ.

ಹಳೆಯ ಕಾಲದ ನುಗ್ಗೆ ಬಹುವಾರ್ಷಿಕ ಮರ. ಕೊಂಬೆ ಕಡಿದು ನೆಟ್ಟರೆ ಚಿಗುರುತ್ತದೆ. ಊರಿಗೊಂದು ತಳಿ, ತಳಿಗೊಂದು ರುಚಿ: ಯಾಳ್ಪಾಣಂ, ಚಾವಕಚ್ಚೇರಿ, ಮೂಲನೂರು ಎಂದು ಊರುಗಳ ಹೆಸರಿನಲ್ಲೇ ಅವುಗಳನ್ನು ಗುರುತಿಸುತ್ತಿದ್ದರು. ಹಿತ್ತಿಲಿಗೆ ಇದು ಸಾಕು, ಹೊಲಕ್ಕೆ ಸಾಲದು. ಒಂದೇ ತಳಿಯ ಸಾವಿರಾರು ಕೊಂಬೆ ಎಲ್ಲಿಂದ ತರುವುದು? ತಂದರೂ ಮರ ಎತ್ತರಕ್ಕೆ ಹೋಗುತ್ತದೆ, ರೆಂಬೆ ಬಹಳ ಪೆಳಸು, ಕಾಯಿ ಕೀಳಲು ಹತ್ತಿದವನು ಬಿದ್ದು ಕೈಕಾಲು ಮುರಿದುಕೊಳ್ಳುವುದು ಹಳ್ಳಿಗಳಲ್ಲಿ ಹೊಸದಲ್ಲ. ಬೀಜದಿಂದ ಬೆಳೆಸಿದರೆ ಒಂದು ಗಿಡದಂತೆ ಇನ್ನೊಂದು ಬರುವುದಿಲ್ಲ.

ಪೆರಿಯಕುಳಂನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ತೋಟಗಾರಿಕೆ ವಿಜ್ಞಾನಿಗಳು ಕೈಹಾಕಿದ್ದು ಇದಕ್ಕೆ. ತೂತುಕುಡಿ ಕಡೆಯ ಎಪ್ಪೋದುಂವೆಂಡ್ರಾನ್ ಎಂಬ ಊರಿನ ಬೀಜವನ್ನು ತಂದು, ತಲೆಮಾರಿನ ಮೇಲೆ ತಲೆಮಾರು ಸ್ವಪರಾಗಸ್ಪರ್ಶ ಮಾಡಿಸಿ, ಒಂದೇ ತೆರನಾಗಿ ಬರುವ ಗಿಡಗಳನ್ನಷ್ಟೇ ಉಳಿಸಿಕೊಳ್ಳುತ್ತ ಬಂದರು. 1989ರಲ್ಲಿ ಬಿಡುಗಡೆಯಾದ ಆ ತಳಿಗೆ ಪೆರಿಯಕುಳಂ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟು ಪಿಕೆಎಂ-1 ಎಂದು ಕರೆದರು. ಬೀಜ ಬಿತ್ತಿ ಮೂರು ತಿಂಗಳಿಗೆ ಹೂವು, ಐದೂವರೆ ತಿಂಗಳಿಗೆ ಮೊದಲ ಕಾಯಿ. ಗಿಡದ ಎತ್ತರ 4ರಿಂದ 6 ಮೀಟರ್. ವರ್ಷಕ್ಕೆ ಗಿಡವೊಂದಕ್ಕೆ 200ಕ್ಕೂ ಹೆಚ್ಚು ಕಾಯಿ, ಹೆಕ್ಟೇರಿಗೆ 50 ಟನ್ ಆಸುಪಾಸಿನ ಇಳುವರಿ. ಕೊಯ್ಲು ಮುಗಿದ ಮೇಲೆ ನೆಲದಿಂದ ಮೂರಡಿ ಎತ್ತರಕ್ಕೆ ಕಡಿದುಬಿಟ್ಟರೆ ಮತ್ತೆ ಚಿಗುರಿ ಇನ್ನೆರಡು ವರ್ಷ ಫಲ ಕೊಡುತ್ತದೆ. 2000ದಲ್ಲಿ ಇನ್ನೂ ಉದ್ದ ಕಾಯಿಯ ಪಿಕೆಎಂ-2 ಬಂತು. ನಮ್ಮ ಬೆಳಗಾವಿ ಜಿಲ್ಲೆಯ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜು ಮುಂದೆ ಕೊಟ್ಟ ‘ಭಾಗ್ಯ’ ತಳಿಯೂ ಇದೇ ದಾರಿಯಲ್ಲಿ ಹುಟ್ಟಿದ್ದು.

ಬಯಲುಸೀಮೆಯ ರೈತರಿಗೆ ಇದು ದೊಡ್ಡ ಉಪಕಾರ. ಮೊದಲ ಬಾರಿಗೆ ನುಗ್ಗೆಯನ್ನು ರಾಗಿ, ಜೋಳದಂತೆ ಬೀಜ ಹಾಕಿ ಹೊಲದಲ್ಲಿ ಬೆಳೆಯಲು ಬಂತು. ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರದ ತರಕಾರಿ ಮಾರುಕಟ್ಟೆಯಿಂದ ಲಾರಿಗಳು ಕೇರಳಕ್ಕೂ ಬೆಂಗಳೂರಿಗೂ ಕಟ್ಟುಕಟ್ಟು ಕಾಯಿ ಹೊತ್ತವು. ಬೇಸಗೆಯಲ್ಲಿ ಕಾಯಿ ಸುರಿದು ಬೆಲೆ ನೆಲಕಚ್ಚುತ್ತದೆ, ಮಾರ್ಗಶಿರ–ಪುಷ್ಯದ ಚಳಿಯಲ್ಲಿ ಕಾಯಿ ಸಿಗದೆ ಬೆಲೆ ಆಕಾಶಕ್ಕೇರುತ್ತದೆ. ಈ ಏರುಪೇರನ್ನು ತಾಳಿಕೊಳ್ಳಲು ರೈತನಿಗೆ ಕಾಯಿಯ ಜೊತೆ ಇನ್ನೊಂದು ಆದಾಯ ಬೇಕಿತ್ತು. ಆ ಆದಾಯ ಎಲೆಯಲ್ಲಿದೆ ಎಂದು ತೋರಿಸಿದ್ದು ಮಾತ್ರ ನಮ್ಮವರಲ್ಲ.

ಪಿಕೆಎಂ-1 ಬಿಡುಗಡೆಯಾದ ಅದೇ 1989ರಲ್ಲಿ ಅಮೆರಿಕದ ವೈದ್ಯ ಸ್ಟೀಫನ್ ಡಿಫೆಲಿಸ್, ಆಹಾರವಾಗಿಯೂ ಔಷಧದಂತೆಯೂ ಉಪಯೋಗಕ್ಕೆ ಬರುವ ಪದಾರ್ಥಗಳಿಗೆ ‘ನ್ಯೂಟ್ರಾಸ್ಯೂಟಿಕಲ್’ ಎಂದು ಹೆಸರಿಟ್ಟರು. 1991ರಲ್ಲಿ ಜಪಾನ್, ನಿರ್ದಿಷ್ಟ ಆರೋಗ್ಯ ಲಾಭವನ್ನು ಪರೀಕ್ಷಿಸಿ ತೋರಿಸಿದ ಆಹಾರಗಳಿಗೆ ಸರ್ಕಾರಿ ಮುದ್ರೆ ಕೊಡುವ ವ್ಯವಸ್ಥೆ ತಂದಿತು. 1994ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿ, ಪೂರಕ ಆಹಾರಗಳು ಮಾರುಕಟ್ಟೆಗೆ ಬರುವ ಮೊದಲು ಔಷಧಗಳಂತೆ ಒಪ್ಪಿಗೆ ಪಡೆಯಬೇಕಿಲ್ಲ ಎಂದಿತು. ಈ ಮೂರನೆಯದೇ ದೊಡ್ಡ ಬಾಗಿಲು. ಎಲೆ, ಬೇರು, ಬೀಜ ಯಾವುದೇ ಇರಲಿ, ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿ ಮಾರುವುದಕ್ಕೆ ಅಲ್ಲಿಂದ ಅಡ್ಡಿ ಕಡಿಮೆಯಾಯಿತು.

ನುಗ್ಗೆ ಆ ಬಾಗಿಲಿಗೆ ಬಂದದ್ದು ವ್ಯಾಪಾರಕ್ಕಾಗಿ ಅಲ್ಲ, ಹಸಿವಿಗಾಗಿ. 1990ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಸೆನೆಗಲ್‌ನಲ್ಲಿ ಚರ್ಚ್ ವರ್ಲ್ಡ್ ಸರ್ವಿಸ್ ಎಂಬ ಸೇವಾ ಸಂಸ್ಥೆಯ ಲೋವೆಲ್ ಫ್ಯೂಗ್ಲಿ, ಅಪೌಷ್ಟಿಕತೆಯಿಂದ ನರಳುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಏನು ಕೊಡಬಹುದೆಂದು ಹುಡುಕುತ್ತಿದ್ದರು. ಹೊರದೇಶದ ಹಾಲಿನ ಪುಡಿ, ಮಾತ್ರೆ ದುಬಾರಿ. ಊರಲ್ಲೇ ನುಗ್ಗೆ ಇತ್ತು, ಬರಗಾಲದ ಬೇಸಗೆಯಲ್ಲೂ ಚಿಗುರುತ್ತಿತ್ತು. 1997–98ರಲ್ಲಿ ಸೆನೆಗಲ್‌ನ ನೈಋತ್ಯ ಭಾಗದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಗಂಜಿಗೆ, ಸಾರಿಗೆ ಬೆರೆಸಿ ಕೊಡುವುದನ್ನು ಕಲಿಸಿದರು. 1999ರಲ್ಲಿ ಆ ಅನುಭವವೆಲ್ಲ ‘ದಿ ಮಿರಾಕಲ್ ಟ್ರೀ’ ಎಂಬ ಪುಸ್ತಕವಾಯಿತು. ಆಫ್ರಿಕದಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಎಲೆಗಾಗಿ ನುಗ್ಗೆ ಬೆಳೆಯಹೊರಟವರಲ್ಲಿ ಬಹಳ ಮಂದಿ ಬಿತ್ತಿದ್ದು ಪೆರಿಯಕುಳಂನ ಬೀಜವನ್ನೇ. ಕಾಯಿಗಾಗಿ ಹುಟ್ಟಿದ ತಳಿ ಎಲೆಗಾಗಿ ಲೋಕ ಸುತ್ತಿತು.

ಫ್ಯೂಗ್ಲಿ ಮಾಡಿದ ಕೆಲಸಕ್ಕೆ ನನಗೆ ಗೌರವವಿದೆ. ಆದರೆ ಅಲ್ಲಿಂದ ಹೊರಟ ಒಂದು ಕೋಷ್ಟಕ ಇಂದು ಜಗತ್ತಿನ ಬಹಳಷ್ಟು ನುಗ್ಗೆ ಪುಡಿ ಪೊಟ್ಟಣಗಳ ಬೆನ್ನಿಗೆ ಅಂಟಿಕೊಂಡಿದೆ, ಅದನ್ನು ಸಾವಕಾಶವಾಗಿ ಓದಬೇಕು. ಹಾಲಿನ 17 ಪಟ್ಟು ಕ್ಯಾಲ್ಸಿಯಂ, ಪಾಲಕ್‌ನ 25 ಪಟ್ಟು ಕಬ್ಬಿಣ, ಕಿತ್ತಳೆಯ 7 ಪಟ್ಟು ವಿಟಮಿನ್ ಸಿ. ಇವು ಬರೀ ಸುಳ್ಳಲ್ಲ. 100 ಗ್ರಾಂ ಒಣಪುಡಿಯಲ್ಲಿ 2003 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಆ ಲೆಕ್ಕ, ಹಾಲಿನಲ್ಲಿ 120. ಭಾಗಿಸಿದರೆ 17 ಬರುತ್ತದೆ. ಆದರೆ ಹಾಲಿನಲ್ಲಿ ಹೆಚ್ಚುಪಾಲು ನೀರು, ಪುಡಿಯಲ್ಲಿ ನೀರು ತೀರ ಕಡಿಮೆ. ಒಬ್ಬ ಮನುಷ್ಯ ಒಂದು ಲೋಟ ಹಾಲು ಕುಡಿಯಬಲ್ಲ, 100 ಗ್ರಾಂ ನುಗ್ಗೆ ಪುಡಿ ತಿನ್ನಲಾರ. 5 ಗ್ರಾಂನ ಒಂದು ಚಮಚದಲ್ಲಿ ಸಿಗುವುದು 100 ಮಿಲಿಗ್ರಾಂ ಕ್ಯಾಲ್ಸಿಯಂ, 200 ಮಿಲಿಲೀಟರ್ ಹಾಲಿನಲ್ಲಿ ಸಿಗುವುದು 240. ಚಮಚದ ಲೆಕ್ಕವೂ ಒಳ್ಳೆಯದೇ, ಪೊಟ್ಟಣದ ಮೇಲೆ ಅದನ್ನೇ ಬರೆದರೆ ಸಾಕಿತ್ತು.

ವಿಟಮಿನ್ ಸಿ ಕಥೆ ಇನ್ನೂ ಮುಖ್ಯ. ಹಸಿ ಎಲೆಯ 100 ಗ್ರಾಂನಲ್ಲಿ 220 ಮಿಲಿಗ್ರಾಂ ಎಂಬುದು ನಮ್ಮ ದೇಶದ ಹಳೆಯ ಆಹಾರ ಕೋಷ್ಟಕದಲ್ಲೇ ಇದೆ, ಕಿತ್ತಳೆಯಲ್ಲಿ 30. ಏಳು ಪಟ್ಟು ನಿಜ. ಒಣಗಿಸಿದ ಪುಡಿಯಲ್ಲಿ ಅದೇ ಫ್ಯೂಗ್ಲಿ ಕೋಷ್ಟಕ ತೋರಿಸುವ ಅಂಕಿ 17.3. ಅಂದರೆ ಎಲೆ ಒಣಗುವಾಗ ವಿಟಮಿನ್ ಸಿ ಹೆಚ್ಚುಕಡಿಮೆ ಹೊರಟೇ ಹೋಗಿದೆ, ಪುಡಿಯಲ್ಲಿ ಉಳಿದದ್ದು ಕಿತ್ತಳೆಗಿಂತಲೂ ಕಡಿಮೆ. ಹಸಿ ಎಲೆಯ ಗುಣವನ್ನೂ ಒಣಪುಡಿಯ ಗುಣವನ್ನೂ ಒಂದೇ ಚೀಟಿಯಲ್ಲಿ ಸೇರಿಸಿ ಮಾರುವುದು ಕೊಳ್ಳುವವರಿಗೆ ಬಗೆವ ಮೋಸ. ಇನ್ನು ಎಲೆಯ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ, ಜೊತೆಗೆ ನಿಂಬೆಹುಳಿ ಇದ್ದರೆ ಹತ್ತುತ್ತದೆ. ಹಸಿ ಎಲೆಯ ಅಂಕಿಯೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಹಳೆಯ ಕೋಷ್ಟಕದಲ್ಲಿ ಕ್ಯಾಲ್ಸಿಯಂ 440 ಮಿಲಿಗ್ರಾಂ ಇದ್ದರೆ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ 185. ಮಣ್ಣು, ತಳಿ, ಎಲೆಯ ಪ್ರಾಯ ಎಲ್ಲದರಿಂದಲೂ ಇದು ಬದಲಾಗುತ್ತದೆ.

ನುಗ್ಗೆಗೆ ಇಲ್ಲದ ಗುಣ ಹೊರಿಸುವುದು ನಮ್ಮಲ್ಲೂ ಹೊಸದೇನಲ್ಲ. 1983ರ ತಮಿಳು ಚಿತ್ರ ‘ಮುಂದಾನೈ ಮುಡಿಚ್ಚು’, ಅದನ್ನೇ ಕನ್ನಡಕ್ಕೆ ತಂದ 1992ರ ‘ಹಳ್ಳಿಮೇಷ್ಟ್ರು’ ಎರಡೂ ನುಗ್ಗೆಕಾಯಿಯನ್ನು ಗಂಡಸಿನ ಉತ್ಸಾಹಕ್ಕೆ ಗಂಟುಹಾಕಿದವು. ಆ ನಂಬಿಕೆ ಇಂದಿಗೂ ಊಟದ ಎಲೆಯ ಮುಂದೆ ನಗೆಯಾಗಿ ಉಳಿದಿದೆ. 2020ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮೋದಿ ‘ಫಿಟ್ ಇಂಡಿಯಾ’ ಸಂವಾದದಲ್ಲಿ ತಾವು ನುಗ್ಗೆ ಪರೋಟ ತಿನ್ನುವುದಾಗಿ ಹೇಳಿದಾಗ ಪುಡಿಗೆ ದೇಶದೊಳಗೂ ಹೊಸ ಗಿರಾಕಿ ಹುಟ್ಟಿದರು. ಅದೇ ಡಿಸೆಂಬರಿನಲ್ಲಿ ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾ, ಎರಡು ಟನ್ ಸಾವಯವ ನುಗ್ಗೆ ಪುಡಿ ಅಮೆರಿಕಕ್ಕೆ ಹೊರಟದ್ದನ್ನು ದೊಡ್ಡ ಸುದ್ದಿ ಮಾಡಿತು. ಆ ಸರಕು ಹೋದದ್ದು ತೆಲಂಗಾಣದಿಂದ. ಬೀಜ ಕೊಟ್ಟ ಜಿಲ್ಲೆ ಇನ್ನೂ ಕಾಯಿಯ ಲಾರಿಯನ್ನೇ ತುಂಬಿಸುತ್ತಿತ್ತು. ತಮಿಳುನಾಡು ಸರ್ಕಾರ ಆಮೇಲೆ ತನ್ನ ಕೃಷಿ ಬಜೆಟ್ಟಿನಲ್ಲಿ ತೇನಿ, ದಿಂಡಿಗಲ್, ಮದುರೆ, ಕರೂರು ಮೊದಲಾದ ಏಳು ಜಿಲ್ಲೆಗಳನ್ನು ನುಗ್ಗೆ ರಫ್ತು ವಲಯವೆಂದು ಗುರುತಿಸಿತು.

ಕಾಯಿಯ ರೈತ ಎಲೆಯ ರೈತನಾಗುವುದು ಹೇಳಿದಷ್ಟು ಹಗುರವಲ್ಲ. ಕಾಯಿಗೆ ಗಿಡಗಳನ್ನು ಎರಡೂವರೆ ಮೀಟರ್ ದೂರಕ್ಕೆ ಇಡುತ್ತಾರೆ, ಎಲೆಗೆ ಒತ್ತೊತ್ತಾಗಿ ಬಿತ್ತಿ ತಿಂಗಳೂ ಹತ್ತು ದಿನಕ್ಕೊಮ್ಮೆ ಕೊಯ್ಯಬೇಕು. ಕಂಬಳಿಹುಳು, ಮೊಗ್ಗುಕೊರಕ, ಕಾಯಿನೊಣಕ್ಕೆ ಮದ್ದು ಹೊಡೆದ ತೋಟದ ಸೊಪ್ಪು ಪುಡಿಗೆ ಆಗದು, ಹೊರದೇಶದ ಪರೀಕ್ಷೆಯಲ್ಲಿ ಕೀಟನಾಶಕದ ಶೇಷ ಸಿಕ್ಕರೆ ಇಡೀ ಸರಕು ವಾಪಸು. ಕೊಯ್ದ ಎಲೆಯನ್ನು ಕೆಲವೇ ಗಂಟೆಗಳಲ್ಲಿ ದಂಟಿನಿಂದ ಬಿಡಿಸಿ, ಶುದ್ಧ ನೀರಲ್ಲಿ ತೊಳೆದು, ಬಿಸಿಲು ನೇರ ಬೀಳದಂತೆ ಒಣಗಿಸಬೇಕು. ತಡವಾದರೆ ಎಲೆ ಕಂದುತ್ತದೆ, ತೇವ ಉಳಿದರೆ ಬೂಷ್ಟು. ಎಲೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಒಂದು ಕಿಲೋ ಪುಡಿಗೆ ಬಿಡಿಸಿದ ಎಲೆ ನಾಲ್ಕು ಕಿಲೋಗೂ ಹೆಚ್ಚು ಬೇಕು. ಬಿಡಿಸುವ ಕೈಗಳು ಬಹುಪಾಲು ಹೆಂಗಸರವು. ತೊಳೆಯುವ ನೀರು, ಒಣಗಿಸುವ ಜಾಗ ಶುಚಿಯಾಗಿರದಿದ್ದರೆ ಏನಾಗುತ್ತದೆ ಎಂಬುದು 2025ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ ಸಾಲ್ಮೊನೆಲ್ಲ ಸೋಂಕಿನ ಒಂದು ಪ್ರಕರಣದ ಜಾಡು ಹಿಡಿದ ಅಲ್ಲಿನ ಅಧಿಕಾರಿಗಳು ಭಾರತದಿಂದ ಹೋದ ನುಗ್ಗೆ ಪುಡಿಗೆ ಬಂದು ನಿಂತರು. ಒಬ್ಬ ಸರಬರಾಜುದಾರನ ಅಸಡ್ಡೆ ಇಡೀ ದೇಶದ ಬೆಳೆಗಾರರ ಹೆಸರಿಗೆ ಮಸಿ ಬಳಿಯುತ್ತದೆ.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಪೂರಕ ಆಹಾರ ಮತ್ತು ನ್ಯೂಟ್ರಾಸ್ಯೂಟಿಕಲ್‌ಗಳಿಗೆ 2016ರಲ್ಲಿ ನಿಯಮ ಮಾಡಿತು, 2018ರ ಜನವರಿಯಿಂದ ಅದು ಜಾರಿಗೆ ಬಂತು. ಪೂರಕ ಆಹಾರದ ಡಬ್ಬಿಯ ಮೇಲೆ ‘ಔಷಧವಾಗಿ ಬಳಸುವುದಕ್ಕಲ್ಲ’ ಎಂಬ ಅರ್ಥದ ಸಾಲು ಇರಲೇಬೇಕು. ಅದೇ ಡಬ್ಬಿಯ ಮುಂಭಾಗದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ತೂಕ ಎಲ್ಲಕ್ಕೂ ಪರಿಹಾರವೆಂಬ ಸೂಚನೆ ದೊಡ್ಡಕ್ಷರದಲ್ಲಿ ಕಂಡರೆ ಯಾವುದನ್ನು ನಂಬಬೇಕೆಂದು ಕೊಳ್ಳುವವರೇ ತೀರ್ಮಾನಿಸಬೇಕು. ನುಗ್ಗೆಯ ಎಲೆಯಲ್ಲಿ ಸಾಸಿವೆ, ಕೋಸಿನಲ್ಲಿರುವಂಥದ್ದೇ ಬಗೆಯ ಗಂಧಕಯುಕ್ತ ಸಂಯುಕ್ತಗಳಿವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೆಡ್ ಫೇಹಿಯಂಥವರು ಅವುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಭರವಸೆ ಇದೆ. ಭರವಸೆಯನ್ನು ಮಾತ್ರೆಯ ಬದಲಿಗೆ ನುಂಗುವ ಹಂತಕ್ಕೆ ವಿಜ್ಞಾನ ಇನ್ನೂ ಬಂದಿಲ್ಲ.

ನನ್ನ ಮಟ್ಟಿಗೆ ನುಗ್ಗೆಯ ನಿಜವಾದ ಜಾಗ ಫ್ಯೂಗ್ಲಿ ಅದನ್ನು ಮೊದಲು ಇಟ್ಟ ಜಾಗವೇ: ಬಡವರ ಗಂಜಿ, ಬಸುರಿಯ ಸಾರು, ಮಗುವಿನ ತಟ್ಟೆ. ಕರ್ನಾಟಕದಲ್ಲಿ 2017ರಿಂದ ‘ಮಾತೃಪೂರ್ಣ’ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲಾಗುತ್ತಿದೆ. ಅಂಗನವಾಡಿಯ ಅಂಗಳದಲ್ಲಿ ಎರಡು ನುಗ್ಗೆ ಗಿಡ ಇದ್ದರೆ ಆ ಊಟಕ್ಕೆ ಸೊಪ್ಪು ಹೊರಗಿಂದ ಬರಬೇಕಿಲ್ಲ. ಪುಡಿಯ ವ್ಯಾಪಾರವೂ ಬೆಳೆಯಲಿ, ಆದರೆ ಎಲೆ ಬೆಳೆದವನಿಗೆ ಮೊದಲೇ ಗೊತ್ತಾದ ಬೆಲೆ ಸಿಗಲಿ. ಬೋಡಿಯ ಏಲಕ್ಕಿಗೆ ಇರುವ ಹರಾಜು ಕಟ್ಟೆಯಂಥದ್ದು ಕಣಿವೆಯ ನುಗ್ಗೆಗೂ ಬೇಕು.

ಪುಡಿ ಕೊಳ್ಳುವವರು ಒಂದು ಚಮಚಕ್ಕೆ ಎಷ್ಟು ಎಂಬ ಲೆಕ್ಕ ಬರೆದಿರುವ, ಎಲ್ಲಿಯ ಎಲೆ, ಯಾವಾಗ ಒಣಗಿಸಿದ್ದು ಎಂದು ತಿಳಿಸುವ ಪೊಟ್ಟಣವನ್ನು ಆರಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಹಿತ್ತಿಲಿದ್ದವರು ಪುಡಿಗೆ ದುಡ್ಡು ಕೊಡುವ ಬದಲು ಈ ಮುಂಗಾರಿಗೆ ಒಂದು ಬೀಜ ಊರಿ, ವರ್ಷ ತುಂಬುವುದರೊಳಗೆ ಸೊಪ್ಪೂ ಕಾಯಿಯೂ ಮನೆಯಲ್ಲೇ ಸಿಗುತ್ತವೆ.