ಉದುರದ ಒತ್ತಕ್ಷರ

ಬೋರ್ಡ್ ಮಾಡುವವರ ಕೈಗೆ ನಾಲ್ಕು ಊರಿನ ಹೆಸರು ಬರೆದ ಚೀಟಿ ಕೊಟ್ಟು, ಇವನ್ನು ಉಬ್ಬಕ್ಷರದಲ್ಲಿ ಕತ್ತರಿಸಿಕೊಡಿ ಎಂದು ಕೇಳಿ ನೋಡಿ. ‘ಹುಣಸೂರು’ ಸಲೀಸು. ನಾಲ್ಕು ಅಕ್ಷರ, ಒತ್ತಿನ ಕಾಟವಿಲ್ಲ. ‘ಪಿರಿಯಾಪಟ್ಟಣ’ದಲ್ಲಿ ಟಕಾರದ ಒತ್ತು ಕೆಳಗೆ ಬೇರೆಯೇ ತುಂಡಾಗಿ ಕೂರಬೇಕು. ‘ಕೃಷ್ಣರಾಜನಗರ’ದ ಮೊದಲೆರಡು ಅಕ್ಷರಗಳೇ ಸತಾಯಿಸುತ್ತವೆ: ಒಂದಕ್ಕೆ ವಟ್ರಸುಳಿ, ಇನ್ನೊಂದಕ್ಕೆ ಣಕಾರದ ಒತ್ತು. ‘ಹೆಗ್ಗಡದೇವನಕೋಟೆ’ಗೆ ಬಂದರೆ ಒತ್ತಿನ ಜೊತೆಗೆ ಎರಡು ದೀರ್ಘಗಳು. ಸಾಕಪ್ಪಾ ಎಂದು ‘ಕೆ.ಆರ್. ನಗರ’, ‘ಎಚ್.ಡಿ. ಕೋಟೆ’ ಎಂದು ಮೊಟಕು ಮಾಡಿದರೆ, ಆ ಚುಕ್ಕಿಗಳನ್ನು ಎಲ್ಲಿ ಅಂಟಿಸುವುದು ಎಂಬ ಹೊಸ ತಲೆನೋವು.

ಬಣ್ಣದಲ್ಲಿ ಬರೆಯುವವರಿಗೆ ಇದೊಂದೂ ಕಾಡುವುದಿಲ್ಲ. ಕುಂಚಕ್ಕೆ ಒತ್ತೂ ಒಂದೇ, ದೀರ್ಘವೂ ಒಂದೇ. ಅಕ್ಷರಕ್ಕೆ ದಪ್ಪ ಬಂದಾಗಲೇ ಅದು ವಸ್ತುವಾಗುತ್ತದೆ. ಅದಕ್ಕೆ ತೂಕ ಬರುತ್ತದೆ, ಬೀಳುವ ಭಯ ಬರುತ್ತದೆ. ಹಳೆಯ ಕಮಾನುಗಳನ್ನು ನೋಡಿ, ಮೊದಲು ಉದುರುವುದು ಒತ್ತೇ. ಪಟ್ಟಣ ‘ಪಟಣ’ವಾಗುತ್ತದೆ, ಆಮೇಲೆ ದೀರ್ಘ ಕಳಚಿ ಕೋಟೆ ‘ಕೊಟೆ’ಯಾಗುತ್ತದೆ. ಮೈಸೂರು ಜಿಲ್ಲೆಯ ಈ ಪಶ್ಚಿಮ ಸೀಮೆಯಲ್ಲಿ ಅಕ್ಷರಕ್ಕೂ ಆಕಾರಕ್ಕೂ ದಪ್ಪ ಕೊಡುವ ಕಸುಬಿಗೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಕಿರುಪರಿಚಯ ಇಲ್ಲಿದೆ.

ನೆರಳಿನ ಕೆಲಸ

ದಪ್ಪದ ಅಕ್ಷರವನ್ನು ಮೂರು ರೀತಿಯಲ್ಲಿ ಮಾಡಬಹುದು. ಕಲ್ಲು, ಮರವನ್ನು ತೋಡಿ ಅಕ್ಷರವನ್ನು ಒಳಕ್ಕೆ ಇಳಿಸುವುದು ಒಂದು. ಸುತ್ತಲಿನದನ್ನು ತೆಗೆದು ಅಕ್ಷರವನ್ನು ಉಬ್ಬಿಸುವುದು ಇನ್ನೊಂದು. ಬಿಡಿಯಾಗಿ ಕತ್ತರಿಸಿ ಗೋಡೆಗೆ ಕೂರಿಸುವುದು ಮೂರನೆಯದು. ಮೂರರಲ್ಲೂ ಓದಿಸುವುದು ಬಣ್ಣವಲ್ಲ, ನೆರಳು. ತೋಡಿದ ಗೀರಿನ ಒಂದು ದಂಡೆಗೆ ಬೆಳಕು ಬಿದ್ದರೆ ಎದುರು ದಂಡೆ ಕಪ್ಪಾಗುತ್ತದೆ. ಆ ಕಪ್ಪೇ ಅಕ್ಷರ.

ಊರ ಮುಂದಿನ ಶಾಸನದ ಕಲ್ಲಿನಲ್ಲಿ ಇದನ್ನು ನೀವೇ ಪರೀಕ್ಷಿಸಬಹುದು. ಬಿಸಿಲು ಕಲ್ಲಿನ ಮುಖಕ್ಕೆ ನೇರವಾಗಿ ಹೊಡೆಯುವಾಗ ಹೋದರೆ ಬರೀ ಬೋಳು ಬಂಡೆ ಕಾಣುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆಯಾಗಿ ಬೆಳಕು ಹಾಯಿಸಿ. ಸಾಲು ಸಾಲಾಗಿ ಅಕ್ಷರಗಳು ಎದ್ದು ಬರುತ್ತವೆ.

ಉಳಿಗೆ ಗೆರೆ ನೇರವಾಗಿದ್ದಷ್ಟೂ ಸುಖ. ನಮ್ಮ ಲಿಪಿಯೋ ಅಡಿಯಿಂದ ಮುಡಿಯವರೆಗೆ ದುಂಡು. ಗಟ್ಟಿ ಕಲ್ಲಿನಲ್ಲಿ ದುಂಡನ್ನು ಒಂದೇ ಎಳೆತಕ್ಕೆ ಎಳೆಯಲಾಗದು. ಚೂಪು ಉಳಿಯಿಂದ ಚಿಕ್ಕ ಚಿಕ್ಕ ಗುಳಿ ಹಾಕಿಕೊಂಡು, ಅವನ್ನು ಒಂದಕ್ಕೊಂದು ಕೂಡಿಸುತ್ತ ಸುತ್ತು ಬರಬೇಕು. ಉಬ್ಬಕ್ಷರವಾದರೆ ‘ಠ’ದ ಹೊಟ್ಟೆಯೊಳಗಿನ ಕಲ್ಲನ್ನು ಅಂಚು ಮುಕ್ಕಾಗದಂತೆ ತೆಗೆಯಬೇಕು. ಒಂದು ಏಟು ಜಾಸ್ತಿಯಾದರೂ ಅಕ್ಷರ ಹೋಯಿತು. ಅಳಿಸಿ ಬರೆಯುವ ಅವಕಾಶ ಈ ಕಸುಬಿನಲ್ಲಿಲ್ಲ.

ಓದು ಬಾರದವರಿಗೂ ಫಲಕ

ಹಳೆಯ ಶಾಸನಗಳಲ್ಲಿ ಶಿಲ್ಪಿಗೆ ‘ರೂವಾರಿ’ ಎಂಬ ಹೆಸರು, ಅವನು ಮಾಡುವ ಕೆಲಸಕ್ಕೆ ‘ಕಂಡರಿಸು’ ಎಂಬ ಮಾತು ಬರುತ್ತದೆ. ಅವನು ಕಂಡರಿಸಿದ ಫಲಕ ಅಕ್ಷರ ಬಲ್ಲವರಿಗಷ್ಟೇ ಸೀಮಿತವಾಗಿರಲಿಲ್ಲ. ವೀರಗಲ್ಲನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದಕ್ಕೆ ಮೂರು ಅಂತಸ್ತು. ಕೆಳಗೆ ಕಾದಾಟ ಅಥವಾ ತುರುಗೋಳು, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಬರಹ. ಬರಹ ಬಾರದ ದನಗಾಹಿಗೂ ಕತೆ ಪೂರಾ ತಿಳಿಯುತ್ತಿತ್ತು. ತುದಿಯ ಸೂರ್ಯಚಂದ್ರರು, ಈ ಮಾತು ಎಂದಿನವರೆಗೆ ನಡೆಯಬೇಕು ಎಂಬುದರ ಗುರುತು.

ಗಂಡ ಸತ್ತಾಗ ಬೆಂಕಿಗೆ ಇಳಿದವಳ ನೆನಪಿಗೆ ನಿಲ್ಲಿಸುತ್ತಿದ್ದ ಮಾಸ್ತಿಕಲ್ಲಿನಲ್ಲಿ ಒಂದು ತೋಳಷ್ಟೇ ಮೇಲೆದ್ದಿರುತ್ತದೆ. ಕೈತುಂಬ ಬಳೆ, ಕೆಲವು ಕಡೆ ಬೆರಳ ಸಂದಿಯಲ್ಲಿ ನಿಂಬೆಹಣ್ಣು. ದೇವಸ್ಥಾನಕ್ಕೆ ಬಿಟ್ಟ ಹೊಲದ ಎಲ್ಲೆಗೆ ಲಿಂಗಮುದ್ರೆ ಕಲ್ಲು. ಸರ್ವೆ ನಕ್ಷೆ ಇಲ್ಲದ ಕಾಲದಲ್ಲಿ ಒಂದು ಉಬ್ಬುಲಿಂಗವೇ ‘ಇದು ದೇವರ ನೆಲ, ನೇಗಿಲು ದಾಟಿಸಬೇಡ’ ಎಂದು ಹೇಳುತ್ತಿತ್ತು.

ಈ ಸೀಮೆಯ ಕಲ್ಲುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಎಚ್.ಡಿ. ಕೋಟೆ ಸೀಮೆಯ ಬೆಳತೂರಿನದು. ಕಾಲ 1057, ಚೋಳರ ಆಳ್ವಿಕೆ. ಗಂಡ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದ ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಬೇಡವೆಂದು ಅಂಗಲಾಚಿದರೂ ಕೇಳದೆ ಬೆಂಕಿಗೆ ಇಳಿದಳು. ಅವಳ ಕತೆಯನ್ನು ಪದ್ಯ ಕಟ್ಟಿ ಕಲ್ಲಿಗೆ ಏರಿಸಿದ್ದಾರೆ. ಇಂದು ಆ ಆಚಾರವನ್ನು ಯಾರೂ ಒಪ್ಪುವುದಿಲ್ಲ. ಆದರೆ ಅವ್ವ ಅಪ್ಪನ ಗೋಳಾಟವನ್ನೂ ಬಿಡದೆ ಬರೆಯಿಸಿದ ಕಲ್ಲು ಅದು, ಬರೀ ಹೊಗಳಿಕೆಯ ಫಲಕವಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು ಸೀಮೆಯ ಶಾಸನಗಳೊಂದಿಗೆ ಇದನ್ನೂ ಅಚ್ಚು ಹಾಕಿಸಿದರು.

ಕೋಟೆ ರಸ್ತೆಯ ಕರಿಕಲ್ಲು

ಕಸುಬು ಬೆಳೆಯಲು ಕೈಗೆ ತಕ್ಕ ಕಲ್ಲು ಬೇಕು. ಮೈಸೂರಿನ ಶಿಲ್ಪಿಗಳು ವಿಗ್ರಹಕ್ಕೆ ಬಯಸುವ ಕೃಷ್ಣಶಿಲೆ ಸಿಗುವುದು ಈ ಭಾಗದಲ್ಲೇ. ಅಯೋಧ್ಯೆಯಲ್ಲಿ 2024ರ ಜನವರಿ 22ರಂದು ಪ್ರತಿಷ್ಠಾಪನೆಯಾದ 51 ಇಂಚಿನ ಬಾಲರಾಮನ ಕಲ್ಲು, ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ದಾರಿಯ ಜಯಪುರ ಹೋಬಳಿಯ ಗುಜ್ಜೇಗೌಡನಪುರದ ಹೊಲದಲ್ಲಿ ಸಿಕ್ಕಿದ್ದು. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್, ಶಿಲ್ಪಿ ಮನೆತನದ ಐದನೇ ತಲೆಮಾರಿನವರು.

ಅವರ ಇನ್ನೊಂದು ಕೆಲಸ ಕೆ.ಆರ್. ನಗರದಾಚೆ ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿದೆ: 21 ಅಡಿಯ ಆಂಜನೇಯ. ಗರ್ಭಗುಡಿಯ ವಿಗ್ರಹವನ್ನು ಎರಡು ಮಾರು ದೂರದಿಂದ, ದೀಪದ ಬೆಳಕಿನಲ್ಲಿ ನೋಡುತ್ತೇವೆ. ಬಯಲ ಮೂರ್ತಿಯನ್ನು ಅದರ ಕಾಲ ಬುಡದಲ್ಲಿ ನಿಂತು ಕತ್ತೆತ್ತಿ ನೋಡುತ್ತೇವೆ. ಕೆಳಗಿನಿಂದ ನೋಡಿದಾಗ ಮೇಲಿನ ತಲೆ ಚಿಕ್ಕದಾಗಿ ಕಾಣುತ್ತದೆ. ಆದ್ದರಿಂದ ಎತ್ತರದ ಮೂರ್ತಿಗೆ ಅಳತೆ ಹಾಕುವಾಗ ಭಕ್ತರ ಕಣ್ಣು ಎಲ್ಲಿರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಕಲ್ಲು ಆರಿಸುವುದೇ ಅರ್ಧ ವಿದ್ಯೆ. ಸುತ್ತಿಗೆಯಿಂದ ತಟ್ಟಿ ನಾದ ಕೇಳಿ, ಗಂಡು ಕಲ್ಲೋ ಹೆಣ್ಣು ಕಲ್ಲೋ ಎಂದು ವಿಂಗಡಿಸುವುದು ಶಿಲ್ಪಿಗಳ ಹಳೆಯ ಪದ್ಧತಿ. ನಾದ ಒಡೆದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ.

ತಾಮ್ರ ಮತ್ತು ಬೆಣ್ಣೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದು ನೆಲೆಸಿದ ಟಿಬೆಟನ್ನರು ತಮ್ಮ ಕಸುಬನ್ನೂ ಜೊತೆಗೆ ತಂದರು. ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಿಸತೊಡಗಿದ ನಾಮ್‌ಡ್ರೋಲಿಂಗ್ ಮಠದ ‘ಗೋಲ್ಡನ್ ಟೆಂಪಲ್’ ಉದ್ಘಾಟನೆಯಾದದ್ದು 1999ರಲ್ಲಿ. ಒಳಗೆ 60 ಅಡಿಯ ಶಾಕ್ಯಮುನಿ ಬುದ್ಧ, ಪಕ್ಕದಲ್ಲಿ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯುಸ್. ಮೂರೂ ತಾಮ್ರದ ಮೂರ್ತಿಗಳು, ಮೇಲೆ ಚಿನ್ನದ ಲೇಪ. ಒಳಗಿನ ಟೊಳ್ಳಿನಲ್ಲಿ ಧರ್ಮಗ್ರಂಥ, ಅವಶೇಷ, ಪುಟ್ಟ ಮಣ್ಣಿನ ಸ್ತೂಪಗಳನ್ನು ತುಂಬಿದ್ದಾರೆ. ಟಿಬೆಟನ್ ಗುಡಿಗಳ ಸೂರಿನ ಮೇಲೆ ಒಂದು ಚಕ್ರ, ಅದರ ಅಕ್ಕಪಕ್ಕ ಮಂಡಿಯೂರಿದ ಎರಡು ಜಿಂಕೆಗಳನ್ನು ನೀವು ಕಂಡಿರುತ್ತೀರಿ. ಸಾರನಾಥದ ಜಿಂಕೆವನದಲ್ಲಿ ಬುದ್ಧ ಮಾಡಿದ ಮೊದಲ ಉಪದೇಶದ ಗುರುತು ಅದು. ಒಂದಕ್ಷರವೂ ಇಲ್ಲದ ನಾಮಫಲಕ.

ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ನೆಲೆಯಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಟಿಬೆಟನ್ ಮಠಗಳ ವಿದ್ಯೆಗಳಲ್ಲಿ ಬೆಣ್ಣೆ ಶಿಲ್ಪವೂ ಒಂದು. ಹೊಸ ವರ್ಷ ಲೋಸಾರ್ ಕಳೆದು ಮೊದಲ ತಿಂಗಳ 15ನೇ ದಿನಕ್ಕೆ ಬಣ್ಣ ಕಲಸಿದ ಬೆಣ್ಣೆಯಲ್ಲಿ ಹೂವು, ದೇವತೆ, ಪ್ರಾಣಿಗಳನ್ನು ಮೂಡಿಸುತ್ತಾರೆ. ಕೈಬಿಸಿಗೆ ಕರಗದಿರಲೆಂದು ಬೆರಳನ್ನು ಆಗಾಗ ತಣ್ಣೀರಿಗೆ ಅದ್ದುತ್ತಾರೆ. ಹಿಮದ ನಾಡಿನ ವಿದ್ಯೆಗೆ ಇಲ್ಲಿನ ಬಿಸಿಲಲ್ಲಿ ಬರೀ ಬೆಣ್ಣೆ ಸಾಲದು, ಮೇಣ ಮತ್ತು ವನಸ್ಪತಿ ಬೆರೆಸಿ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಬೆಳತೂರಿನ ಕಲ್ಲು ಸೂರ್ಯಚಂದ್ರರಿರುವವರೆಗೆ ನಿಲ್ಲಬೇಕೆಂದು ಕೆತ್ತಿದ್ದು, ಈ ಶಿಲ್ಪ ಉಳಿಯುವುದಿಲ್ಲ ಎಂದು ತಿಳಿದೇ ಮಾಡಿದ್ದು. ಎರಡೂ ಕಡೆ ಬೆರಳ ನಯ ಮಾತ್ರ ಒಂದೇ.

ಯಂತ್ರ ಬಂದ ಮೇಲೆ

ತಾಲ್ಲೂಕು ಪೇಟೆಗಳಲ್ಲಿ ಕುಂಚ ಹಿಡಿದ ಬೋರ್ಡ್ ಆರ್ಟಿಸ್ಟರನ್ನು ಫ್ಲೆಕ್ಸ್ ಬದಿಗೆ ಸರಿಸಿತು. ಈಗ ಸರದಿ ಸಿ.ಎನ್.ಸಿ. ಯಂತ್ರದ್ದು. ಕಂಪ್ಯೂಟರಿನಲ್ಲಿ ಗೆರೆ ಹಾಕಿಕೊಟ್ಟರೆ ತಿರುಗುವ ಮೊನೆಯೊಂದು ಮರ, ಅಕ್ರಿಲಿಕ್, ಎ.ಸಿ.ಪಿ. ಶೀಟನ್ನು ನಿಮಿಷಗಳಲ್ಲಿ ಕೊರೆಯುತ್ತದೆ. ಶಂಕುಸ್ಥಾಪನೆಯ ಗ್ರಾನೈಟ್ ಕಲ್ಲಿಗೆ ಸ್ಟಿಕ್ಕರ್ ಅಂಟಿಸಿ, ಅಕ್ಷರದ ಜಾಗವನ್ನಷ್ಟೇ ಸುಲಿದು, ಮರಳು ಚಿಮ್ಮಿಸಿ ತೋಡುತ್ತಾರೆ. ಆಮೇಲೆ ಚಿನ್ನದ ಬಣ್ಣ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ಕಾನೂನು ಬಂದ ಮೇಲೆ ಅಂಗಡಿಗಳಿಗೆ ಕನ್ನಡದ ದಪ್ಪಕ್ಷರ ಬೇಕೇ ಬೇಕಾಯಿತು.

ಯಂತ್ರವನ್ನು ಹಳಿಯುವುದು ಸುಲಭ. ಆದರೆ ಅದು ದುಂಡನ್ನು ಉಳಿಗಿಂತ ಚೊಕ್ಕವಾಗಿ ಕೊರೆಯುತ್ತದೆ. ಎಡವುವುದು ಬೇರೆ ಕಡೆ. ಕಂಪ್ಯೂಟರಿನ ಕನ್ನಡ ಅಚ್ಚುಗಳು ಕಾಗದಕ್ಕೆ ಹೊಲಿದವು. ಅವುಗಳ ಒತ್ತು ಗಾಳಿಯಲ್ಲಿ ತೇಲುತ್ತದೆ, ಕಾಗದದ ಮೇಲೆ ತೇಲಿದರೆ ನಷ್ಟವಿಲ್ಲ. ಗೋಡೆಯ ಮೇಲೆ ಅದನ್ನು ಎರಡು ತೊಟ್ಟು ಅಂಟು ಹಿಡಿದಿರಬೇಕು. ಕಸುಬು ಬಲ್ಲವರು ಒತ್ತಿನ ತಲೆಯನ್ನು ಚೂರು ಎಳೆದು ಮೇಲಿನ ಅಕ್ಷರಕ್ಕೆ ಸೇರಿಸಿ, ಎರಡನ್ನೂ ಒಂದೇ ತುಂಡಾಗಿ ಕತ್ತರಿಸುತ್ತಾರೆ. ಓದುವವರ ಕಣ್ಣಿಗೆ ಆ ಬೆಸುಗೆ ಬೀಳುವುದೂ ಇಲ್ಲ.

ದೇಕಬ್ಬೆಯ ಹೆಸರಿನಲ್ಲೂ ಒಂದು ಒತ್ತಿದೆ, ಬಕಾರದ್ದು. ರೈಸ್ ಅಚ್ಚು ಹಾಕಿಸುವ ಹೊತ್ತಿಗೆ ಅದಕ್ಕೆ 841 ವರ್ಷವಾಗಿತ್ತು. ಬಿಸಿಲು, ಮಳೆ ತಿಂದು ಕಲ್ಲು ಸವೆದಿರಬಹುದು, ಒತ್ತು ಮಾತ್ರ ಉದುರಿರಲಿಲ್ಲ. ಅಂಟಿಸಿದ್ದರೆ ತಾನೇ ಉದುರುವುದು.