ಮೊಣಕಾಲು ನೋವಿನ ಪುಡಿಯಲ್ಲಿ ಅಡಗಿರುವ ಸ್ಟೀರಾಯ್ಡ್

ಗಂಗಾವತಿ ಕಡೆ ಭತ್ತದ ನಾಟಿ ಮುಗಿದ ಮೇಲೆ ಸೊಂಟ, ಮೊಣಕಾಲು ಹಿಡಿದುಕೊಂಡು ದವಾಖಾನೆಗೆ ಬರುವ ಹೆಣ್ಣುಮಕ್ಕಳು ಹೆಚ್ಚಾಗುತ್ತಾರೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ದುಡಿಯುವವರ ನೋವೂ ಕಡಿಮೆಯದಲ್ಲ. ಅವರಲ್ಲಿ ಕೆಲವರು ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೋರಿಸುತ್ತಾರೆ. ಅದರ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. “ಸಂತ್ಯಾಗ ತಗೊಂಡಿದ್ದೆ ಹಕೀಮ್ ಸಾಹೇಬ್ರ. ಮರುದಿನಾನ ಎದ್ದು ಓಡ್ಯಾಡಿದೆ. ಇಂಥಾದ್ದ ಕೊಡ್ರಿ” ಎನ್ನುತ್ತಾರೆ.

ಯುನಾನಿ ವೈದ್ಯನಾಗಿ ನಾನು ಮೊದಲು ಹೇಳಬೇಕಾದ ಮಾತು ಇದೇ: ಸಂದು ನೋವಿಗೆ, ಅಂದರೆ ವಜಉಲ್ ಮಫಾಸಿಲ್‌ಗೆ, ನಮ್ಮಲ್ಲಿ ಸೂರಂಜಾನ್‌ನಂಥ ಔಷಧಗಳಿವೆ. ಆದರೆ ವರ್ಷಗಳ ನೋವನ್ನು ಒಂದೇ ರಾತ್ರಿಯಲ್ಲಿ ಅಳಿಸುವ ಬೇರು-ನಾರಿನ ಪುಡಿ ಯಾವುದೂ ಇಲ್ಲ. ಹಾಗೆ ಅಳಿಸಿದರೆ ಅದರಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಬೆರೆಸಿರಬಹುದೆಂದು ಅನುಮಾನಿಸಿ. ಯುನಾನಿ, ಆಯುರ್ವೇದದ ಹೆಸರಿನ ಪುಡಿಗಳಲ್ಲಿ ಹೀಗೆ ಬೆರೆಸುವುದು ಕಾನೂನಿಗೆ ವಿರುದ್ಧ. ನಮ್ಮ ವೈದ್ಯಕ್ಕೂ ಅದು ದ್ರೋಹ.

ಸ್ಟೀರಾಯ್ಡ್ ಎಂದರೆ ವಿಷವೇ? ಅಲ್ಲ. ಅದು ನಮ್ಮ ದೇಹವೇ ತಯಾರಿಸುವ ವಸ್ತು. ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂತೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳಿವೆ. ಅವು ಕಾರ್ಟಿಸೋಲ್ ಎಂಬ ಸ್ಟೀರಾಯ್ಡ್ ಹಾರ್ಮೋನನ್ನು ಕೊಡುತ್ತವೆ. ರಕ್ತದೊತ್ತಡ, ಸಕ್ಕರೆಯ ಮಟ್ಟ, ಜ್ವರ ಅಥವಾ ಪೆಟ್ಟು ಬಿದ್ದಾಗ ತಡೆದುಕೊಳ್ಳುವ ಶಕ್ತಿ, ಎಲ್ಲಕ್ಕೂ ಇದು ಬೇಕು. ಬೆಳಗಿನ ಹೊತ್ತು ಇದು ಹೆಚ್ಚು, ನಡುರಾತ್ರಿಯಲ್ಲಿ ಬಹಳ ಕಡಿಮೆ.

ಇದರ ಲಗಾಮು ಮೆದುಳಿನ ಕೈಯಲ್ಲಿದೆ. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ. ಪಿಟ್ಯುಟರಿ ಅಡ್ರಿನಲ್‌ಗೆ ಅಪ್ಪಣೆ ಕಳಿಸುತ್ತದೆ. ಇದನ್ನು ನಮ್ಮ ತುಂಗಭದ್ರಾ ಕಾಲುವೆಯಂತೆ ತಿಳಿಯಿರಿ. ಗದ್ದೆ ತುಂಬಿದರೆ ಮೇಲಿನ ತೂಬು ಮುಚ್ಚುತ್ತಾರೆ, ಒಣಗಿದರೆ ತೆರೆಯುತ್ತಾರೆ. ಈಗ ಯಾರೋ ಹೊರಗಿನಿಂದ ದಿನವೂ ಟ್ಯಾಂಕರ್ ನೀರು ಸುರಿದರೆ? ತೂಬು ಮುಚ್ಚಿಯೇ ಇರುತ್ತದೆ, ಕೊನೆಗೆ ತುಕ್ಕು ಹಿಡಿಯುತ್ತದೆ. ಒಂದು ದಿನ ಟ್ಯಾಂಕರ್ ನಿಂತರೆ ತೂಬು ತೆರೆಯುವುದಿಲ್ಲ, ಬೆಳೆ ಒಣಗುತ್ತದೆ.

ದೇಹದಲ್ಲೂ ಹಾಗೆಯೇ. ಸ್ಟೀರಾಯ್ಡ್ ಮೂರು ವಾರಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಹೋದರೆ ಮೆದುಳು ಅಪ್ಪಣೆ ಕೊಡುವುದನ್ನು ನಿಲ್ಲಿಸಬಹುದು, ಅಡ್ರಿನಲ್ ಕುಗ್ಗಬಹುದು. ಆಗ ಪುಡಿಯನ್ನು ಒಮ್ಮೆಲೇ ಬಿಟ್ಟರೆ ವಿಪರೀತ ಸುಸ್ತು, ವಾಂತಿ, ಹೊಟ್ಟೆನೋವು, ತಲೆಸುತ್ತು ಬರುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಗ್ರಂಥಿ ಮತ್ತೆ ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾಗಬಹುದು.

ಈ ಔಷಧ ಮನಸ್ಸನ್ನೂ ಮುಟ್ಟುತ್ತದೆ. ನೆನಪಿಗೆ ಆಧಾರವಾದ ಹಿಪೋಕ್ಯಾಂಪಸ್ ಎಂಬ ಮೆದುಳಿನ ಭಾಗದಲ್ಲಿ ಕಾರ್ಟಿಸೋಲನ್ನು ಹಿಡಿಯುವ ಗ್ರಾಹಕಗಳು ಹೇರಳವಾಗಿವೆ. ಸ್ಟೀರಾಯ್ಡ್ ಹೆಚ್ಚಾದಾಗ ನಿದ್ದೆ ಹಾರುತ್ತದೆ, ಅತಿಯಾದ ಉತ್ಸಾಹ ಅಥವಾ ಸಿಟ್ಟು ಬರುತ್ತದೆ, ಮರೆವು, ಖಿನ್ನತೆ ಕಾಣಿಸಬಹುದು. ಕೆಲವರು ಇಲ್ಲದ ದನಿ ಕೇಳುತ್ತದೆ ಎನ್ನುತ್ತಾರೆ. ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ ಮೀರಿದಾಗ ಈ ಅಪಾಯ ಹೆಚ್ಚು. ಇಂಥವರನ್ನು ಗಾಳಿ ಸೋಂಕಿದೆ ಎಂದು ಮನೆಯವರು ಎಲ್ಲೆಲ್ಲೋ ಕರೆದೊಯ್ಯುತ್ತಾರೆ. ದುವಾ ಮಾಡಿ, ಆದರೆ “ಇವರು ಏನಾದರೂ ಪುಡಿ, ಮಾತ್ರೆ ತಿನ್ನುತ್ತಿದ್ದಾರಾ?” ಎಂದೂ ಕೇಳಿ, ವೈದ್ಯರಿಗೆ ತಿಳಿಸಿ.

ಹೊರಗೆ ಕಾಣುವ ಗುರುತುಗಳೂ ಇವೆ. ಮುಖ ಗುಂಡಗೆ ಊದುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸೊರಗುತ್ತವೆ, ಚರ್ಮ ತೆಳುವಾಗುತ್ತದೆ, ಸಕ್ಕರೆ ಮತ್ತು ಬಿ.ಪಿ. ಏರುತ್ತವೆ, ಮುಟ್ಟು ಏರುಪೇರಾಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. “ಪುಡಿ ತಿಂದು ದಪ್ಪಗಾದೆ, ಮೈಗೆ ಹತ್ತಿದೆ” ಎಂದು ಹಿಗ್ಗಬೇಡಿ. ಮುಖ ಬೆಳ್ಳಗಾಗಲೆಂದು ಬಿಟಾಮೆಥಾಸೋನ್ ಇರುವ ಮುಲಾಮನ್ನು ಬಹಳ ಕಾಲ ಹಚ್ಚುವುದೂ ಚರ್ಮವನ್ನು ಕೆಡಿಸುತ್ತದೆ.

ಜಿಮ್‌ಗೆ ಹೋಗುವ ಹುಡುಗರು ಚುಚ್ಚಿಸಿಕೊಳ್ಳುವುದು ಬೇರೆ ಬಗೆಯ ಸ್ಟೀರಾಯ್ಡ್. ಅದು ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟಿರಾನ್ ಕುಲದ್ದು. ಅಲ್ಲೂ ಮೆದುಳು ಮೋಸಹೋಗಿ ಅಪ್ಪಣೆ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ. ಮದುವೆಯಾಗಿ ಮಕ್ಕಳಿಲ್ಲವೆಂದು ಸೊಸೆಯನ್ನು ದೂರುವ ಮುನ್ನ ಮಗನನ್ನೂ ಪರೀಕ್ಷೆ ಮಾಡಿಸಿ.

ಹಾಗೆಂದು ವೈದ್ಯರು ಬರೆದ ಸ್ಟೀರಾಯ್ಡ್‌ಗೆ ಹೆದರಬೇಡಿ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಇದನ್ನು ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ದುಷ್ಪರಿಣಾಮಗಳು ಅರಿವಾದದ್ದು ಆಮೇಲೆ. ಉಬ್ಬಸಕ್ಕೆ, ಮಕ್ಕಳ ಕೆಲವು ಮೂತ್ರಪಿಂಡ ರೋಗಗಳಿಗೆ ಇದು ಇಂದಿಗೂ ಆಸರೆ. 2020ರಲ್ಲಿ ಆಮ್ಲಜನಕ ಬೇಕಾಗಿದ್ದ ಕೋವಿಡ್ ರೋಗಿಗಳ ಪ್ರಾಣವನ್ನು ಡೆಕ್ಸಾಮೆಥಾಸೋನ್ ಉಳಿಸಿತು. 2021ರಲ್ಲಿ ಬೇಕಾಬಿಟ್ಟಿ ಬಳಕೆ ಮತ್ತು ಏರಿದ ಸಕ್ಕರೆ ಸೇರಿ ಕಪ್ಪು ಶಿಲೀಂಧ್ರಕ್ಕೆ ದಾರಿಯಾದವು. ಔಷಧ ಅದೇ, ಪ್ರಮಾಣ ಮತ್ತು ನಿಗಾ ಬೇರೆ.

ಆದ್ದರಿಂದ ಇಷ್ಟು ನೆನಪಿಡಿ:

1. ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಘಟಕಗಳ ಪಟ್ಟಿ, ತಯಾರಿಸಿದ ದಿನಾಂಕ ಇಲ್ಲದ ಪುಡಿಯನ್ನು ಯಾರೇ ಕೊಟ್ಟರೂ ತಿನ್ನಬೇಡಿ.

2. ಈಗಾಗಲೇ ವಾರಗಟ್ಟಲೆ ತಿಂದಿದ್ದರೆ ಇಂದೇ ಎಸೆದುಬಿಡಬೇಡಿ. ತಡಮಾಡದೆ ಪೊಟ್ಟಣದೊಂದಿಗೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಿ. ಬೆಳಗಿನ ರಕ್ತದಲ್ಲಿ ಕಾರ್ಟಿಸೋಲ್ ನೋಡಿ, ಪ್ರಮಾಣವನ್ನು ಹಂತ ಹಂತವಾಗಿ ಇಳಿಸುತ್ತಾರೆ.

3. ಶಸ್ತ್ರಚಿಕಿತ್ಸೆ, ಹೆರಿಗೆ, ತೀವ್ರ ಜ್ವರದ ಸಮಯದಲ್ಲಿ ಸ್ಟೀರಾಯ್ಡ್ ತೆಗೆದುಕೊಂಡ ವಿಷಯ ಮುಚ್ಚಿಡಬೇಡಿ.

4. ರಮಝಾನ್‌ಗೆ ಮುಂಚೆಯೇ ವೈದ್ಯರನ್ನು ಕೇಳಿ. ಬೆಳಗಿನ ಮಾತ್ರೆಯನ್ನು ಕೆಲವರಿಗೆ ಸಹರಿಯ ಹೊತ್ತಿಗೆ ಬದಲಿಸಬಹುದು. ಅಡ್ರಿನಲ್ ಸೊರಗಿದವರಿಗೆ ಉಪವಾಸವೇ ಅಪಾಯವಾಗಬಹುದು. ರೋಜಾ ಎಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ರೋಗಿಗೆ ವಿನಾಯಿತಿ ಇದೆ.

ಮುಂದಿನ ಸಂತೆಯಲ್ಲಿ ಯಾರಾದರೂ “ಒಂದೇ ದಿನದಲ್ಲಿ ನೋವು ಮಾಯ” ಎಂದು ಪೊಟ್ಟಣ ಚಾಚಿದರೆ, ಒಳಗೆ ಏನಿದೆ ಎಂದು ಕೇಳಿ. ಉತ್ತರ ಬರದಿದ್ದರೆ ಮುಂದೆ ನಡೆಯಿರಿ. ಮನೆಯಲ್ಲಿ ಅಮ್ಮನ ದಿಂಬಿನ ಕೆಳಗೂ ಒಮ್ಮೆ ನೋಡಿ.